ಇಂಜಿನ್ ಒಬ್ಬರದು, ಟ್ರಾಲಿ ಇನ್ನೊಬ್ಬರದು

ಕಬ್ಬಿನ ಹಂಗಾಮಿನಲ್ಲಿ ಗೋಕಾಕ ತಾಲ್ಲೂಕಿನ ಮಮದಾಪುರದ ಕಡೆ ಓಡುವ ಟ್ರ್ಯಾಕ್ಟರುಗಳನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ಟ್ರ್ಯಾಕ್ಟರ್ ಮಾಡಿದ ಕಂಪನಿಯೇ ಟ್ರಾಲಿಯನ್ನೂ ಮಾಡಬೇಕೆಂದೇನಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿದ್ದೂ ನಡೆದೀತು. ಕೊಕ್ಕೆ ಮತ್ತು ಪಿನ್ನಿನ ಅಳತೆ ಕೂಡಿದರಾಯಿತು. ಟ್ರಾಲಿ ಹೂಡಲು ಯಾರೂ ಇಂಜಿನ್ ಬಿಚ್ಚುವುದಿಲ್ಲ.

ತಂತ್ರಾಂಶಕ್ಕೂ ಇಂಥ ಕೊಕ್ಕೆಗಳಿವೆ. ಆಕರ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟದ್ದು ಮುಕ್ತ ತಂತ್ರಾಂಶ. ಮನುಷ್ಯರು ಓದುವ ಆ ಆಕರವನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಕೆಲಸವೇ 'ಬಿಲ್ಡ್'. ಕಡತಗಳು ಸಾವಿರಾರು ಇದ್ದಾಗ ಇದನ್ನು ಕೈಯಿಂದ ಮಾಡಲಾಗದು. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಇದಕ್ಕೆಂದೇ 'ಮೇಕ್' ಎಂಬ ತಂತ್ರಾಂಶ ಬರೆದರು. ಅದು ಕಡತಗಳ ಮೇಲಿನ ದಿನಾಂಕ, ವೇಳೆ ನೋಡಿ, ಬದಲಾದಷ್ಟನ್ನೇ ಮತ್ತೆ ಕಟ್ಟುತ್ತದೆ. ಇಂದಿಗೂ ಬಳಕೆಯಲ್ಲಿದೆ.

ಹೊರಗಿನವರು ಬರೆದ ತುಣುಕನ್ನು ಇದರೊಳಗೆ ಸೇರಿಸುವುದು ಹೇಗೆ? ಕನ್ನಡದ ಉದಾಹರಣೆಯೇ ಇದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿದೆ. 'ಎಫ್' ಕೀಲಿ ಅದರ ಜೀವಾಳ. ಅ, ಕ, ಎಫ್, ಕ ಎಂದು ಒತ್ತಿದರೆ 'ಅಕ್ಕ' ಮೂಡುತ್ತದೆ. ಲಿನಕ್ಸ್‌ನಲ್ಲಿ ಇದು ನಡೆಯಲು ನೆರವಾದವುಗಳಲ್ಲಿ ಒಂದು, ಜಪಾನಿನಲ್ಲಿ ಹುಟ್ಟಿದ 'ಎಂ17ಎನ್' ಎಂಬ ಮುಕ್ತ ತಂತ್ರಾಂಶ. ಬಹುಭಾಷೀಕರಣ ಎಂಬರ್ಥದ ಇಂಗ್ಲಿಷ್ ಪದದಲ್ಲಿ ಎಂ ಮತ್ತು ಎನ್ ನಡುವೆ 17 ಅಕ್ಷರಗಳಿವೆ. ಹೆಸರಿನ ಗುಟ್ಟು ಅಷ್ಟೇ!

ಇದನ್ನು ಕಟ್ಟಿದವರ ಜಾಣತನ ಮೆಚ್ಚಬೇಕಾದದ್ದು. ಭಾಷೆಯ ನಿಯಮಗಳನ್ನು ಇಂಜಿನ್ನಿನೊಳಗೆ ಹುದುಗಿಸದೆ, ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಬೇರೆ ಕಡತದಲ್ಲಿಟ್ಟರು. ಕನ್ನಡ ಬರೆಯುವವನಿಗೆ ಜಪಾನೀ ಇಂಜಿನ್ನಿನ ಒಳಗುಟ್ಟು ಬೇಕಿಲ್ಲ. ಪಟ್ಟಿ ಬರೆದು ಗೊತ್ತುಮಾಡಿದ ಜಾಗದಲ್ಲಿಟ್ಟರೆ ಸಾಕು, ಮರಳಿ ಬಿಲ್ಡ್ ಮಾಡುವ ಗೋಜಿಲ್ಲ. ಕನ್ನಡದ ಪಟ್ಟಿಗಳು ಮೊದಲು 'ಕಾಂಟ್ರಿಬ್' ಎಂಬ ಪ್ರತ್ಯೇಕ ಕಟ್ಟಿನಲ್ಲಿ ಬರುತ್ತಿದ್ದವು; ಆಮೇಲೆ ಮೂಲ ಕಟ್ಟಿನಲ್ಲೇ ಸೇರಿದವು.

ಎಲ್ಲೆಡೆ ಇಷ್ಟು ಸಲೀಸಲ್ಲ. ಲಿನಕ್ಸ್‌ನ ಇನ್ನೊಂದು ಕೀಲಿಮಣೆ ವ್ಯವಸ್ಥೆ 'ಎಕ್ಸ್‌ಕೆಬಿ'. ಅದರಲ್ಲೂ 'ಕಗಪ' ವಿನ್ಯಾಸವಿದೆ. ಆದರೆ ಅಲ್ಲಿ ಹೊಸ ವಿನ್ಯಾಸದ ನಕ್ಷೆ ಬರೆದರಷ್ಟೇ ಸಾಲದು, ಸೂಚಿಯಲ್ಲೂ ಹೆಸರು ದಾಖಲಿಸಬೇಕು. ಮರೆತರೆ ನಕ್ಷೆ ಇದ್ದೂ ಆಯ್ಕೆಪಟ್ಟಿಯಲ್ಲಿ ಕಾಣಿಸದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ತರಗತಿಯಲ್ಲಿ ಕುಳಿತ ಹುಡುಗನ ಹಾಗೆ!

ಚಿತ್ರಗಳನ್ನು ವಿಶ್ಲೇಷಿಸುವ 'ಓಪನ್ ಸಿವಿ'ಗೆ ಹೆಚ್ಚುವರಿ ಘಟಕಗಳನ್ನು ಸೇರಿಸುವಾಗಲಂತೂ ಮರಳಿ ಬಿಲ್ಡ್ ಮಾಡಲೇಬೇಕು. ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಬೇಕು. ಇಲ್ಲವಾದರೆ ಬಿಲ್ಡ್ ನಡುವೆಯೇ ನಿಂತೀತು.

ನಿಂತರೆ ಗೊತ್ತಾದರೂ ಆಗುತ್ತದೆ. ನಿಲ್ಲದೆ ಕೆಡುವುದು ಹೆಚ್ಚು ಅಪಾಯ. 2024ರ ಮಾರ್ಚ್‌ನಲ್ಲಿ, ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಝಡ್' ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. ವರ್ಷಗಟ್ಟಲೆ ನೆರವಾಗಿ ನಂಬಿಕೆ ಗಳಿಸಿದ ಹೊರಗಿನವನೊಬ್ಬ ಅದನ್ನು ಬಿಲ್ಡ್ ವ್ಯವಸ್ಥೆಯ ಮೂಲಕವೇ ನುಗ್ಗಿಸಿದ್ದ. ಪರೀಕ್ಷೆಗೆಂದು ಇಟ್ಟಂತೆ ತೋರುವ ಕಡತಗಳಲ್ಲಿ ವಿಷ. ಅದನ್ನು ಬಿಡಿಸುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ. ಬಹಿರಂಗ ಭಂಡಾರದಲ್ಲಿ ಆ ಸಾಲುಗಳೇ ಇರಲಿಲ್ಲ. ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕಿದ್ದರಿಂದ ಅದು ಬಯಲಾಯಿತು.

ಮಕ್ಕಳು ಸಿಕ್ಕಸಿಕ್ಕಲ್ಲಿಂದ 'ಪ್ಲಗಿನ್' ಇಳಿಸಿಕೊಳ್ಳುವಾಗ ಪಾಲಕರು ಈ ಪ್ರಕರಣವನ್ನು ಹೇಳಬಹುದು. ಕನ್ನಡದ ಆ ಪಟ್ಟಿಯಾದರೋ ಸಾದಾ ಪಠ್ಯ. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಅದನ್ನು ತೆರೆದು, ದೊಡ್ಡ 'ಎಲ್' ಎದುರಿಗೆ 'ಳ' ಇದೆಯೇ ಎಂದು ತಾನೇ ನೋಡಿಕೊಳ್ಳಬಹುದು.