ಬಾಡಿಗೆ ಗೋಡೆಯ ಮೇಲಿನ ಸಾಹಿತ್ಯ

ನಾವಿರುವ ಸನತ್‌ನಗರಕ್ಕೆ ಅಮೀರ್‌ಪೇಟೆ ತೀರ ಹತ್ತಿರ. ಅಲ್ಲಿನ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳಿಗೆ ಬೀದರ್, ಕಲಬುರಗಿ, ರಾಯಚೂರುಗಳಿಂದಲೂ ತರುಣರು ಬರುತ್ತಾರೆ. ಕೆಲಸ ಸಿಗುವ ಮೊದಲೇ ಅವರಲ್ಲಿ ಹಲವರು ತಮ್ಮದೊಂದು ಪೋರ್ಟ್‌ಫೋಲಿಯೊ ಜಾಲತಾಣ ಕಟ್ಟಿಕೊಂಡಿರುತ್ತಾರೆ. ಮಾಡಿದ ಕೆಲಸ ಒಂದೆಡೆ ಕಾಣುವಂತಿರಬೇಕು ಎಂಬ ವಿವೇಕ ಈ ಎಳೆಯರಿಗಿದೆ. ನಾಲ್ಕು ದಶಕ ಬರೆದ ನಮ್ಮ ಹೊರನಾಡ ಲೇಖಕರಿಗೆ ಏಕಿಲ್ಲ?

ನಮ್ಮ ಲೇಖಕರು ಮಾಡುತ್ತಿರುವುದೇನು? ಕವಿತೆಯನ್ನು ಹೂವಿನ ಚಿತ್ರದ ಮೇಲೆ ಅಚ್ಚೊತ್ತಿ ವಾಟ್ಸಾಪ್‌ಗೆ ಕಳಿಸುತ್ತಾರೆ. ಚಿತ್ರವಾಗಿ ಹೋದ ಅಕ್ಷರ ಹುಡುಕಿದರೆ ಸುಲಭವಾಗಿ ಸಿಗದು. ದೃಷ್ಟಿಹೀನರ ತಂತ್ರಾಂಶ ಅದನ್ನು ಸರಿಯಾಗಿ ಓದಲಾರದು. ಪ್ರಬಂಧವನ್ನು ಫೇಸ್‌ಬುಕ್ಕಿನ ಗೋಡೆಗೆ ಅಂಟಿಸುತ್ತಾರೆ. ವಾರ ಕಳೆದರೆ ಬರೆದವರಿಗೇ ಅದು ಕೈಗೆ ಸಿಗುವುದಿಲ್ಲ. ಬಾಡಿಗೆ ಗೋಡೆಯ ಆಯುಸ್ಸು ಎಷ್ಟೆಂಬುದನ್ನು ಚರಿತ್ರೆಯೇ ಹೇಳಿದೆ. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ. ಮುಚ್ಚುವಾಗ ಯಾವ ಒಡೆಯನೂ ಒಕ್ಕಲಿನವರ ಅಪ್ಪಣೆ ಕೇಳಲಿಲ್ಲ.

ಆಕ್ಷೇಪಗಳು ನಮಗೆ ಗೊತ್ತು. ತನ್ನ ಹೆಸರಿನ ತಾಣ ಆತ್ಮಪ್ರಶಂಸೆ ಎನ್ನುವವರಿದ್ದಾರೆ. ವಚನಕಾರರೂ ಹರಿದಾಸರೂ ಪ್ರತಿ ರಚನೆಗೂ ಅಂಕಿತವಿಟ್ಟರು. ಅದನ್ನು ಯಾರೂ ಜಂಭ ಎನ್ನಲಿಲ್ಲ. ಯಾವ ರಚನೆ ಯಾರದೆಂದು ಇಂದು ನಾವು ಗುರುತಿಸುವುದು ಅದರ ಬಲದಿಂದಲೇ. ಅಲ್ಲಿಗೆ ಓದುಗರು ಬರುವುದಿಲ್ಲ ಎಂಬುದು ಇನ್ನೊಂದು ಮಾತು. ಇಂದು ಬಾರದ ಓದುಗ ಹತ್ತು ವರ್ಷದ ಮೇಲೆ ಹುಡುಕಿ ಬಂದಾನು. ಆಗ ವಿಳಾಸವೇ ಇಲ್ಲದಿದ್ದರೆ? ಫೇಸ್‌ಬುಕ್ ಬಿಡಿ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಡಂಗುರ ಸಾರಿ, ಕೃತಿಯನ್ನು ಮನೆಯಲ್ಲಿಡಿ ಎನ್ನುತ್ತಿದ್ದೇವೆ.

ಮಾಡಬೇಕಾದದ್ದು ಅಲ್ಪ. ಡೊಮೇನ್ ಹೆಸರು ನಿಮ್ಮ ಹೆಸರಿನಲ್ಲೇ ನೋಂದಣಿಯಾಗಲಿ, ತಾಣ ಕಟ್ಟಿಕೊಟ್ಟವರ ಹೆಸರಿನಲ್ಲಲ್ಲ. ಅದರ ನವೀಕರಣದ ದಿನಾಂಕ ಮನೆಯವರಿಗೂ ತಿಳಿದಿರಲಿ. ಗಿಟ್‌ಹಬ್ ಪೇಜಸ್‌ನಂಥ ಕಡೆ ಸರಳ ಪುಟಗಳನ್ನು ಉಚಿತವಾಗಿ ಇರಿಸಬಹುದು. ಡೊಮೇನ್ ನಿಮ್ಮದಾಗಿದ್ದರೆ ನಾಳೆ ಜಾಗ ಬದಲಿಸಿದರೂ ವಿಳಾಸ ಬದಲಾಗದು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಕರಡು ತಿದ್ದಿ ಏರಿಸಿ. ಪ್ರತಿ ಬರಹದ ಕೆಳಗೆ ಅದು ಮೊದಲು ಪ್ರಕಟವಾದ ಪತ್ರಿಕೆ ಮತ್ತು ವರ್ಷ ಇರಲಿ. ಎಲ್ಲದರ ಒಂದು ಪ್ರತಿ ಮನೆಯಲ್ಲೂ ಇರಲಿ.

ತರುಣರಿಗೂ ನಮ್ಮ ತಕರಾರಿದೆ. ನಾವು ಕಂಡ ಅವರ ತಾಣಗಳು ಆದ್ಯಂತ ಇಂಗ್ಲಿಷಿನಲ್ಲಿವೆ. ಕನ್ನಡ 'ಬಲ್ಲ ಭಾಷೆಗಳು' ಎಂಬ ಸಾಲಿನಲ್ಲಿ ಕೇವಲ ಒಂದು ಹೆಸರು. ಉದ್ಯೋಗದಾತನಿಗೆ ಇಂಗ್ಲಿಷ್ ಪುಟ ಬೇಕು, ಒಪ್ಪೋಣ. ಅದರ ಪಕ್ಕದಲ್ಲೇ ಕನ್ನಡದ ಪುಟವೊಂದನ್ನು ಇಡಲು ತಡೆದವರಾರು?

1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಇಲ್ಲಿ ಕನ್ನಡ ನಿನ್ನೆ ಬಂದ ನೆಂಟನಲ್ಲ. ಆದರೆ ಒಳನಾಡಿನ ಲೇಖಕನನ್ನು ಗ್ರಂಥಾಲಯ, ಅಕಾಡೆಮಿ, ಪತ್ರಿಕೆಗಳು ನೆನಪಿನಲ್ಲಿಡುತ್ತವೆ. ಹೊರನಾಡಿನವನಿಗೆ ಆ ಆಸರೆ ತೀರ ಕಡಿಮೆ. ಮಕ್ಕಳು ಕನ್ನಡ ಓದಲಾರದ ಮನೆಯಲ್ಲಿ ಹಸ್ತಪ್ರತಿ ಹಳೆಯ ಕಾಗದದ ಅಂಗಡಿ ಸೇರುತ್ತದೆ. ಆದ್ದರಿಂದ ಹೊರನಾಡಿನ ಪ್ರತಿ ಕನ್ನಡ ಸಂಘವೂ ಸನ್ಮಾನದ ಶಾಲು, ಹಾರಗಳ ಖರ್ಚಿನಲ್ಲಿ ಒಂದಿಷ್ಟು ಉಳಿಸಿ, ಒಬ್ಬ ಹಿರಿಯ ಲೇಖಕರ ಬಳಿ ಒಬ್ಬ ತರುಣನನ್ನು ಕೂರಿಸಲಿ. ಆತ ತಾಣ ಕಟ್ಟಲಿ, ಅವರು ಕನ್ನಡ ತಿದ್ದಲಿ. ಬರುವ ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷಣಕ್ಕೆ ಮೊದಲು ಆ ವಿಳಾಸಗಳನ್ನು ಓದಿ ಹೇಳಲಿ.