ಗಾಯ ಅವಳದು, ಓಟಿಪಿ ಅವನ ಫೋನಿಗೆ!



ಆಸ್ಪತ್ರೆಯ ಕಾಗದಗಳೆಲ್ಲ ಈಗ ಕಂಪ್ಯೂಟರಿನೊಳಕ್ಕೆ ಹೋಗುತ್ತಿವೆ. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ನರ್ಸಿಂಗ್ ಹೋಮ್ ಆಗಲಿ, ಚೀಟಿ ಕೊಡುವ ಕಿಟಕಿಯಲ್ಲಿ ನೋವೆಲ್ಲಿ ಎಂದು ಕೇಳುವ ಮೊದಲೇ ಮೊಬೈಲ್ ನಂಬರ್ ಕೇಳುತ್ತಾರೆ. ವರದಕ್ಷಿಣೆ, ಹೊಡೆತ-ಬಡಿತಗಳ ವಿರುದ್ಧ ಬರೆಯುವ ಈ ಪತ್ರಿಕೆಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಹೊಡೆತ ತಿಂದ ಹೆಣ್ಣು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ಎಷ್ಟೋ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತಿರುತ್ತಾಳೆ. ಅವಳ ಮೇಲೆ ನಡೆದ ದೌರ್ಜನ್ಯಕ್ಕೆ ಮೊದಲ ಬರವಣಿಗೆ ಎಂದರೆ ಡಾಕ್ಟರು ಬರೆದ ಆ ನಾಲ್ಕು ಸಾಲು. ಅದನ್ನು ಯಾರು ಬರೆಯುತ್ತಾರೆ, ಎಲ್ಲಿ ಇಡುತ್ತಾರೆ, ಯಾರು ಓದುತ್ತಾರೆ ಎಂಬುದು ನಮ್ಮ ಪ್ರಶ್ನೆಯಲ್ಲದೆ ಇನ್ನು ಯಾರದು?

ಸ್ವಲ್ಪ ಹಿಂದಕ್ಕೆ ಹೋಗೋಣ. 1997ರ ಒಂದೇ ವರ್ಷದಲ್ಲಿ ಬೆಂಗಳೂರು ನಗರದಲ್ಲಿ 1,133 ಹೆಂಗಸರ ಅಸಹಜ ಸಾವು ದಾಖಲಾಯಿತು. ಅದರಲ್ಲಿ ಕೊಲೆ ಎಂದು ಬರೆದುಕೊಂಡದ್ದು 157. ಆತ್ಮಹತ್ಯೆ 546. ಉಳಿದ 430 ಸಾವುಗಳಿಗೆ ಸಿಕ್ಕ ಹೆಸರು 'ಆಕಸ್ಮಿಕ'! ಸ್ಟೌವ್ ಸಿಡಿಯಿತು, ಅಡುಗೆ ಮಾಡುವಾಗ ಸೆರಗಿಗೆ ಬೆಂಕಿ ತಗುಲಿತು, ಹಾಲು ಕಾಯಿಸಲು ಹೋಗಿ ಸುಟ್ಟುಕೊಂಡಳು. ಆ ವರ್ಷಗಳಲ್ಲಿ 'ವಿಮೋಚನಾ' ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಮಂಚದ ಪಕ್ಕ ನಿಂತು, ಬದುಕಿದ್ದವರ ಬಾಯಿಂದ ಬೇರೆಯೇ ಕಥೆ ಕೇಳಿಸಿಕೊಂಡು ಬಂದರು. ಊರಿನ ಸ್ಟೌವುಗಳೆಲ್ಲ ಸೊಸೆ ಎದುರಿಗೆ ಬಂದಾಗ ಮಾತ್ರ ಸಿಡಿಯುವುದೇಕೆ, ಅತ್ತೆಯ ಎದುರು ಯಾಕೆ ಸಿಡಿಯುವುದಿಲ್ಲ ಎಂದು ನಾವು ಬೀದಿಯಲ್ಲಿ ನಿಂತು ಕೇಳಿದ ಕಾಲ ಅದು.

ಆ 'ಆಕಸ್ಮಿಕ' ಎಂಬ ಮಾತು ಕಾಗದದ ಮೇಲೆ ಹೇಗೆ ಬಂತು ಎಂದು ಯೋಚಿಸಿ. ಸುಟ್ಟ ಹೆಣ್ಣನ್ನು ಆಟೋದಲ್ಲಿ ಹಾಕಿಕೊಂಡು ಬರುವವರು ಯಾರು? ಗಂಡ, ಅತ್ತೆ, ಮೈದುನ. ಡ್ಯೂಟಿ ಡಾಕ್ಟರು 'ಏನಾಯಿತು?' ಎಂದು ಕೇಳುತ್ತಾರೆ. ಗಂಟಲು ಸುಟ್ಟವಳು ಮಾತಾಡಲಾರಳು. ಮಾತಾಡಬಲ್ಲವಳ ಕೈಯನ್ನು ಅತ್ತೆ ಹಿಡಿದುಕೊಂಡಿರುತ್ತಾಳೆ, ಮಗು ಮನೆಯಲ್ಲಿ ಅವರ ವಶದಲ್ಲಿರುತ್ತದೆ. ಉತ್ತರ ಗಂಡನ ಬಾಯಿಂದ ಬರುತ್ತದೆ. ಡಾಕ್ಟರು ಬರೆಯುತ್ತಾರೆ. ಆ ಒಂದು ಸಾಲನ್ನು ಪೊಲೀಸರು ನಕಲು ಮಾಡಿಕೊಳ್ಳುತ್ತಾರೆ, ಮುಂದೆ ವಕೀಲರು ಅದನ್ನೇ ಎತ್ತಿ ಹಿಡಿಯುತ್ತಾರೆ. ಒಂದು ಹೆಣ್ಣಿನ ಸಾವಿಗೆ ಅರ್ಥ ಕೊಟ್ಟವನು ಅವಳನ್ನು ಸುಟ್ಟವನೇ ಆಗಿಬಿಡುತ್ತಾನೆ.

ಕಾಗದದ ಇನ್ನೊಂದು ಗುಣ, ಅದು ಕಾಣೆಯಾಗುತ್ತದೆ. ಮದುವೆಯಾದ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ಇತ್ತೆಂದು ತೋರಿಸಿದರೆ ಅದು ವರದಕ್ಷಿಣೆ ಸಾವು ಎಂದು 1986ರಲ್ಲಿ ಕಾನೂನು ಬಂತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಲ್ಲೂ ಅದೇ ಇದೆ. ಆದರೆ ಒಳರೋಗಿಯ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕಾದದ್ದು ಎಷ್ಟು ವರ್ಷ ಗೊತ್ತೇ? ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ 3 ವರ್ಷ! ಪೊಲೀಸ್ ಕೇಸಾದವನ್ನು, ಅಂದರೆ ಎಂ.ಎಲ್.ಸಿ. ಎನ್ನುವವನ್ನು, ಆಸ್ಪತ್ರೆಗಳು ಬೇರೆ ಕಟ್ಟಿಡುತ್ತವೆ, ನಿಜ. ಆದರೆ ಮದುವೆಯಾದ ಮೊದಲ ವರ್ಷ ಮುರಿದ ಮಣಿಕಟ್ಟು, ಎರಡನೇ ವರ್ಷ ಒಡೆದ ಹುಬ್ಬು, ಬಸಿರಿನಲ್ಲಿ ಹೊಟ್ಟೆಗೆ ಬಿದ್ದ ಒದೆ ಇವೆಲ್ಲ ಎಂ.ಎಲ್.ಸಿ. ಆಗಿರುವುದಿಲ್ಲ, 'ಬಚ್ಚಲಲ್ಲಿ ಜಾರಿ ಬಿದ್ದದ್ದು' ಆಗಿರುತ್ತವೆ. ಸಾವಿನ ಹೊತ್ತಿಗೆ ಆ ಕಾಗದಗಳು ಗೋಣಿಚೀಲದಲ್ಲಿ ಕಟ್ಟಿ ಹೋಗಿರುತ್ತವೆ. ಹಿಂದಿನ ಹಿಂಸೆಗೆ ಸಾಕ್ಷಿ ಎಲ್ಲಿ ಎಂದು ಕೋರ್ಟು ಕೇಳಿದಾಗ ಅಪ್ಪ-ಅಮ್ಮನ ಅಳು ಬಿಟ್ಟರೆ ಇನ್ನೇನೂ ಉಳಿದಿರುವುದಿಲ್ಲ.

ಆದ್ದರಿಂದ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಾಖಲೆಗಳು ಕಂಪ್ಯೂಟರಿಗೆ ಹೋಗಲೇಬೇಕು. 'ಕಂಪ್ಯೂಟರ್ ಎಂದರೆ ಸರ್ಕಾರದ ಕಣ್ಣು, ನಮಗೆ ಹಳೆಯ ಕಾಗದವೇ ಸಾಕು' ಎನ್ನುವ ನಮ್ಮ ಚಳವಳಿಯ ಕೆಲವು ಗೆಳತಿಯರ ಜೊತೆ ನನಗೆ ಜಗಳವಿದೆ. ಕಾಗದವನ್ನು ಗೆದ್ದಲು ತಿನ್ನುತ್ತದೆ, ವಾರ್ಡ್ ಬಾಯ್‌ಗೆ ನೂರು ರೂಪಾಯಿ ಕೊಟ್ಟರೆ ಹಾಳೆ ಹರಿದುಹೋಗುತ್ತದೆ. ನೆಟ್ಟಗೆ ಮಾಡಿದ ಕಂಪ್ಯೂಟರ್ ದಾಖಲೆಯಲ್ಲಿ ಯಾವ ದಿನ ಯಾವ ಗಂಟೆಗೆ ಯಾರು ತೆರೆದರು, ಯಾರು ತಿದ್ದಿದರು ಎಂಬುದು ತಾನಾಗಿ ಬರೆದುಕೊಳ್ಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಸರಿಯಾದ ಪ್ರಮಾಣಪತ್ರದೊಡನೆ ಕೊಟ್ಟರೆ ಅಂಥ ದಾಖಲೆಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತದೆ. ಇದನ್ನು ಬೇಡವೆನ್ನಲು ನಾವೇನು ಹುಚ್ಚರೇ?

ಆದರೆ ಅದನ್ನು ಮಾಡುತ್ತಿರುವ ರೀತಿಗೆ ನನ್ನ ವಿರೋಧವಿದೆ, ಮತ್ತು ಇದು ಸಣ್ಣ ವಿರೋಧವಲ್ಲ.

ಕಂಪ್ಯೂಟರ್ ದಾಖಲೆಗೆ ಬೀಗದ ಕೈ ಯಾವುದು? ಮೊಬೈಲ್ ನಂಬರ್. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯಲ್ಲಿ 'ಆಭಾ' ಎಂಬ 14 ಅಂಕಿಯ ಸಂಖ್ಯೆ ಕೊಡುತ್ತಾರೆ. ನಿಮ್ಮ ಒಪ್ಪಿಗೆಯಿಲ್ಲದೆ ದಾಖಲೆ ಹಂಚುವುದಿಲ್ಲ ಎಂದು ಅದರ ಕಾಗದದಲ್ಲಿ ಚೆನ್ನಾಗಿಯೇ ಬರೆದಿದೆ. ಆ ಒಪ್ಪಿಗೆ ಎಂದರೆ ಫೋನಿಗೆ ಬರುವ ಆರು ಅಂಕಿಯ ಓಟಿಪಿ. ಆಧಾರ್ ಮೂಲಕ ಮಾಡಿಸಿದರೆ ಆಧಾರಿಗೆ ಜೋಡಿಸಿದ ಫೋನಿಗೆ ಓಟಿಪಿ. ಈಗ ಎದೆ ಮುಟ್ಟಿಕೊಂಡು ಹೇಳಿ, ನಿಮ್ಮ ಸಂಘದ ಇಪ್ಪತ್ತು ಜನರಲ್ಲಿ ಎಷ್ಟು ಜನರ ಆಧಾರ್ ಅವರದೇ ಫೋನಿಗೆ ಜೋಡಣೆಯಾಗಿದೆ? ರೇಷನ್ ಕಾರ್ಡಿಗೆ ಗಂಡನ ನಂಬರ್, ಗ್ಯಾಸಿಗೆ ಗಂಡನ ನಂಬರ್, ಹೆರಿಗೆಗೆ ಸೇರಿಸಿದಾಗ ಕೊಟ್ಟದ್ದೂ ಗಂಡನ ನಂಬರ್. ಈ ಯೋಜನೆ ಕಟ್ಟಿದ ಜಾಣರಿಗೆ 'ರೋಗಿ' ಎಂದರೆ ಸ್ವಂತ ಫೋನು, ಸ್ವಂತ ಕೋಣೆ, ಸ್ವಂತ ಪಾಸ್‌ವರ್ಡ್ ಇರುವ ಗಂಡಸೇ ಕಣ್ಣಿಗೆ ಬಿದ್ದನೆಂದು ಕಾಣುತ್ತದೆ. ಸೊಸೆ ಎಂಬ ರೋಗಿ ಅವರ ಲೆಕ್ಕದಲ್ಲಿ ಇರಲಿಲ್ಲ.

ಇದು ಊಹೆಯ ಮಾತಲ್ಲ. ನಾನು ಲೆಕ್ಕದ ಪುಸ್ತಕ ನೋಡಲು ಹೋಗುವ ಸಂಘವೊಂದರಲ್ಲಿ ಬಿಟಿಎಂ ಬಡಾವಣೆಯ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ, ಗಾರ್ಮೆಂಟ್ಸ್ ಕೆಲಸದವಳು. ಗಂಡನ ಏಟಿಗೆ ಕಿವಿಯ ತಮಟೆ ಹರಿಯಿತು. ಖಾಸಗಿ ಆಸ್ಪತ್ರೆಯೊಂದಕ್ಕೆ ಒಬ್ಬಳೇ ಹೋದಳು. ಅಲ್ಲಿಯ ಡಾಕ್ಟರಮ್ಮ ಒಳ್ಳೆಯವರು, ಬಾಗಿಲು ಹಾಕಿಕೊಂಡು ಕೇಳಿದರು, ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು, ಅವರು ಹಾಗೆಯೇ ಬರೆದರು. ಆರು ವರ್ಷದ ಹಿಂದೆ ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಆಗ ಬರೆಸಿದ್ದ ನಂಬರ್ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಇವಳು 500 ನಂಬರ್ ಬಸ್ಸಿಗೆ ಕಾಯುತ್ತ ನಿಂತಿರುವಾಗಲೇ 'ನಿಮ್ಮ ವರದಿ ಸಿದ್ಧವಾಗಿದೆ' ಎಂಬ ಸಂದೇಶ ಗಂಡನಿಗೆ ಹೋಯಿತು. ಅವನು ಒತ್ತಿ ಓದಿದ. ಇವಳು ಮನೆ ಮುಟ್ಟಿದಾಗ ಫೋನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಆ ರಾತ್ರಿ ಅವಳು ಮಗುವನ್ನು ಎತ್ತಿಕೊಂಡು ಬನಶಂಕರಿಯಲ್ಲಿರುವ ತಾಯಿಯ ಮನೆ ಸೇರಿದಳು. ವಾರ ಕಳೆದ ಮೇಲೆ ನನ್ನೆದುರು ಕೂತು ಅವಳು ಹೇಳಿದ್ದಿಷ್ಟು: "ಮೇಡಂ, ಇನ್ನು ಮೇಲೆ ಯಾವ ಡಾಕ್ಟರ್ ಕೇಳಿದ್ರೂ ಬಚ್ಚಲಲ್ಲಿ ಜಾರಿ ಬಿದ್ದೆ ಅಂತಲೇ ಹೇಳ್ತೀನಿ."

ನಾನು ಹೇಳಬೇಕೆಂದಿರುವುದೆಲ್ಲ ಅವಳ ಆ ಮಾತಿನಲ್ಲೇ ಇದೆ. ಗುಟ್ಟು ಉಳಿಯುವುದಿಲ್ಲ ಎಂದು ಗೊತ್ತಾದ ಕ್ಷಣ ಹೆಣ್ಣು ಸುಳ್ಳು ಹೇಳುತ್ತಾಳೆ. 1997ರಲ್ಲಿ ಗಂಡ ಹೇಳಿದ ಸುಳ್ಳನ್ನು ಈಗ ಹೆದರಿಕೆಗೆ ಅವಳೇ ಹೇಳುತ್ತಾಳೆ, ಮತ್ತು ಈ ಸಲ ಅದು ಗೆದ್ದಲು ತಿನ್ನದ ಜಾಗದಲ್ಲಿ, ಅಳಿಸಲಾಗದ ಹಾಗೆ ಕೂರುತ್ತದೆ. ಮುಂದೆ ಯಾವತ್ತಾದರೂ ಅವಳು ಕೋರ್ಟಿಗೆ ಹೋದರೆ ಗಂಡನ ವಕೀಲ ಅದನ್ನೇ ತೆಗೆದು ತೋರಿಸುತ್ತಾನೆ: ನೋಡಿ ಸ್ವಾಮಿ, ಅವಳೇ ಹೇಳಿದ್ದಾಳೆ! ಖಾಸಗಿತನ ಬೇರೆ, ಸಾಕ್ಷ್ಯ ಬೇರೆ ಎಂದು ವಾದಿಸುವ ಅಧಿಕಾರಿಗಳು ಈ ಒಂದು ಪ್ರಸಂಗಕ್ಕೆ ಉತ್ತರ ಕೊಡಲಿ.

ಡಾಕ್ಟರುಗಳ ಕಂಪ್ಯೂಟರಿನಲ್ಲಿ ಗಾಯದ ಕಾರಣಕ್ಕೆ ಪಟ್ಟಿಯೊಂದು ತೆರೆದುಕೊಳ್ಳುತ್ತದೆ: ರಸ್ತೆ ಅಪಘಾತ, ಬಿದ್ದದ್ದು, ಸುಟ್ಟದ್ದು, ಇತರೆ. 'ಮನೆಯವರ ಹೊಡೆತ' ಎಂಬ ಸಾಲು ಎಷ್ಟು ಕಡೆ ಇದೆ? ಇಲ್ಲದ ಕಡೆ ಹೆಣ್ಣು 'ಇತರೆ' ಆಗುತ್ತಾಳೆ. ಒಮ್ಮೆ ಒತ್ತಿದ್ದು ಮುಂದಿನ ಭೇಟಿಗೂ, ಅದರ ಮುಂದಿನ ಭೇಟಿಗೂ ತಾನಾಗಿ ನಕಲಾಗಿ ಬರುತ್ತದೆ. ಹಳೆಯ ಕೇಸ್ ಶೀಟುಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಆ ಹುಡುಗರ ಕಣ್ಣಿಗೆ ಬೀಳುವುದೇನು, ಅವರಿಂದ ಯಾವ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ ಎಂದು ಕೇಳಿದವರೂ ಇಲ್ಲ.

ಇನ್ನು ಮನಸ್ಸಿನ ಕಾಯಿಲೆಯ ವಿಷಯ. ನಿಮ್ಹಾನ್ಸ್ ನಮ್ಮ ದಕ್ಷಿಣ ಬೆಂಗಳೂರಿಗೆ ಕೂಗಳತೆಯ ದೂರ. ವರ್ಷಗಟ್ಟಲೆ ಕಿರುಕುಳ ತಿಂದವಳಿಗೆ ನಿದ್ದೆ ಬಾರದೆ, ಅಳು ನಿಲ್ಲದೆ ಅಲ್ಲಿಗೆ ಹೋದರೆ ಅದರಲ್ಲಿ ನಾಚಿಕೆಪಡುವುದೇನಿದೆ? ಆದರೆ ಆ ಮಾತ್ರೆಯ ಚೀಟಿ ಗಂಡನ ಕೈಗೆ ಸಿಕ್ಕಿತೋ, ಕುಟುಂಬ ನ್ಯಾಯಾಲಯದಲ್ಲಿ 'ಇವಳಿಗೆ ಹುಚ್ಚು' ಎಂಬ ಅರ್ಜಿ ಸಿದ್ಧ. ಹುಚ್ಚು ಹಿಡಿಸಿದವನೇ ಹುಚ್ಚಿಯೆಂದು ವಿಚ್ಛೇದನ ಕೇಳುತ್ತಾನೆ, ಮಗುವನ್ನೂ ಕೇಳುತ್ತಾನೆ! ಬರೀ ಕಾಯಿಲೆಯ ಹೆಸರು ಸಾಲದು, ಜೊತೆಗೆ ಬಾಳಲಾಗದಷ್ಟು ತೀವ್ರವಾಗಿದೆಯೆಂದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೂ ಚೀಟಿ ಹಿಡಿದು ಹೆದರಿಸುವುದು ನಿಂತಿಲ್ಲ. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ನಿಮ್ಹಾನ್ಸ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಟ್ರಿಪಲ್ ಐಟಿ ಜೊತೆ ಸೇರಿ 'ಇ-ಮಾನಸ್' ಎಂಬ ವ್ಯವಸ್ಥೆ ತಂದು ಮಾನಸಿಕ ಚಿಕಿತ್ಸೆಯ ದಾಖಲೆಗಳಿಗೂ ಕಂಪ್ಯೂಟರಿನ ದಾರಿ ಮಾಡಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23 ಮತ್ತು 24ನೇ ಕಲಮುಗಳು, ಕಂಪ್ಯೂಟರಿನಲ್ಲಿಟ್ಟ ಮಾಹಿತಿಗೂ ಗುಟ್ಟು ಕಾಯುವ ಹೊಣೆ ಇದೆ ಎಂದು ಸ್ಪಷ್ಟವಾಗಿ ಹೇಳುತ್ತವೆ. ಗರ್ಭಪಾತದ ವಿಷಯದಲ್ಲಂತೂ ಕಾನೂನು ಇನ್ನೂ ಬಿಗಿ. ವಯಸ್ಕ ಹೆಣ್ಣಿಗೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ; ಅವಳ ಹೆಸರು ಹೊರಗೆ ಬಿಟ್ಟ ವೈದ್ಯರಿಗೆ 2021ರ ತಿದ್ದುಪಡಿಯ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ. ಇಷ್ಟೆಲ್ಲ ಬರೆದಿಟ್ಟು, ಬಿಲ್ಲಿನ ಸಂದೇಶ ಗಂಡನ ಫೋನಿಗೆ ಹೋದರೆ ಆ ಕಾನೂನಿಗೆ ಏನು ಬೆಲೆ ಉಳಿಯಿತು?

'ಗಂಡನಿಂದ ಮುಚ್ಚಿಡುವಂಥದ್ದು ಹೆಂಡತಿಗೇನಿರುತ್ತದೆ?' ಇದು ನನ್ನ ಓರಗೆಯ ಹಿರಿಯರ ಪ್ರಶ್ನೆ. ಜಯನಗರದ ಪಾರ್ಕಿನ ಕಲ್ಲುಬೆಂಚುಗಳ ಮೇಲೆ ಬೆಳಗ್ಗೆ ಬೆಳಗ್ಗೆ ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಅವರಿಗೆ ನಾನು ನೆನಪಿಸುವುದು ನಮ್ಮ ಊರಿನವರೇ ಆದ ಇನ್ನೊಬ್ಬ ಹಿರಿಯರನ್ನು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಹಕ್ಕು ವ್ಯಕ್ತಿಗೆ ಸೇರಿದ್ದು. ಮನೆಯ ಯಜಮಾನನಿಗೆ ಸೇರಿದ್ದಲ್ಲ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಸರ್ಕಾರದ ಭರವಸೆಯ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ನಿಯಮಗಳು ಬರಲು 2025ರ ನವೆಂಬರ್ ಆಯಿತು, ಅದರಲ್ಲೂ ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವು. ದೆಹಲಿಯ ಏಮ್ಸ್‌ನಂಥ ದೊಡ್ಡ ಆಸ್ಪತ್ರೆಯ ಕಂಪ್ಯೂಟರುಗಳನ್ನೇ 2022ರ ನವೆಂಬರ್‌ನಲ್ಲಿ ಕಳ್ಳರು ಕಟ್ಟಿಹಾಕಿದರು, ದಿನಗಟ್ಟಲೆ ಕೈಬರಹದಲ್ಲಿ ಚೀಟಿ ಕೊಡಬೇಕಾಯಿತು. ಆದರೂ ಒಂದು ಮಾತು ಹೇಳುತ್ತೇನೆ, ಎಲ್ಲೋ ಕೂತ ಕಳ್ಳನಿಗಿಂತ ನಮ್ಮ ಹೆಣ್ಣುಮಕ್ಕಳಿಗೆ ಹತ್ತಿರದ ಅಪಾಯ ಪಕ್ಕದ ದಿಂಬಿನ ಮೇಲೆ ಮಲಗಿರುವ ಫೋನು.

ಹಾಗಾದರೆ ಕಿಟಕಿಯಲ್ಲಿ ನಂಬರ್ ಕೇಳಿದಾಗ ಏನು ಮಾಡಬೇಕು? ಮೊದಲು, 'ಹಳೆಯ ನಂಬರ್ ಯಾವುದಿದೆ ಓದಿ' ಎಂದು ಕೇಳಿ. ಅದು ಅವನದಾದರೆ ತೆಗೆಸಿ. ಆಭಾ ಸಂಖ್ಯೆ ಕಡ್ಡಾಯವಲ್ಲ, ಅದಿಲ್ಲ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ನಿಮ್ಮ ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಆ 2002ರ ನಿಯಮಾವಳಿಯೇ ಹೇಳುತ್ತದೆ. ಮನೆಯ ಹೊಡೆತಕ್ಕೆ ಚಿಕಿತ್ಸೆ ಪಡೆದಿದ್ದರೆ, ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳ 17ನೇ ನಿಯಮದಂತೆ ಪರೀಕ್ಷಾ ವರದಿಯ ಪ್ರತಿ ಪುಕ್ಕಟೆ. ಪೊಲೀಸರಿಗೋ ಸಂರಕ್ಷಣಾಧಿಕಾರಿಗೋ ಮೊದಲು ದೂರು ಕೊಟ್ಟಿಲ್ಲ ಎಂಬ ನೆಪದಲ್ಲಿ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆ ಪ್ರತಿಯನ್ನು ಗಂಡನ ಮನೆಯ ಬೀರುವಿನಲ್ಲಿ ಇಡಬೇಡಿ, ತವರಲ್ಲೋ ನಂಬಿದ ಗೆಳತಿಯ ಬಳಿಯೋ ಇಡಿ.

ಸಂಘಗಳಲ್ಲಿ ಒಂದು ಸಲಹೆ ಓಡಾಡುತ್ತಿದೆ, ಸ್ವಂತ ಫೋನಿಲ್ಲದವರೆಲ್ಲ ಸಂಘದ ಕಾರ್ಯದರ್ಶಿಯ ನಂಬರ್ ಕೊಡಲಿ ಎಂದು. ನಾನು ಇದನ್ನು ಒಪ್ಪುವುದಿಲ್ಲ, ಬೇಸರವಾದರೂ ಹೇಳುತ್ತೇನೆ. ಸಂಘ ಎಂದರೆ ಅದೇ ಬೀದಿಯ ಹದಿನೈದು-ಇಪ್ಪತ್ತು ಮನೆ. ಸಾಲದ ಕಂತು ತಪ್ಪಿದ ದಿನ ಯಾರು ಯಾರ ಬಗ್ಗೆ ಏನು ಆಡಿಕೊಂಡರು ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಒಬ್ಬಳ ಗರ್ಭಕೋಶದ ವರದಿ ಇನ್ನೊಬ್ಬಳ ಫೋನಿನಲ್ಲಿ ಕೂರುವುದು ಬೇಡ, ಅವಳು ಎಷ್ಟೇ ಒಳ್ಳೆಯವಳಾಗಿರಲಿ. ನಾವು ಆರೋಗ್ಯ ಇಲಾಖೆಯನ್ನು ಕೇಳಬೇಕಾದದ್ದು ಬೇರೆ: ಮೊಬೈಲ್ ನಂಬರಿನ ಅಂಕಣವನ್ನು ಖಾಲಿ ಬಿಟ್ಟರೂ ಕಂಪ್ಯೂಟರ್ ಮುಂದಕ್ಕೆ ಹೋಗಬೇಕು. 'ಸಂದೇಶ ಕಳಿಸಬೇಡಿ' ಎಂಬ ಗುರುತು ಹಾಕುವ ಜಾಗ ಇರಬೇಕು. ಹೆಂಗಸರ ಪ್ರತಿ ಭೇಟಿಯಲ್ಲೂ ನಂಬರ್ ಹೊಸದಾಗಿ, ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಗಾಯದ ಕಾರಣದ ಪಟ್ಟಿಯಲ್ಲಿ ಮನೆಯ ಹೊಡೆತಕ್ಕೆ ಒಂದು ಸಾಲು ಬೇಕು. ಯಾರು ಯಾವಾಗ ತೆರೆದು ಓದಿದರು ಎಂಬ ಪಟ್ಟಿಯನ್ನು ಅವಳು ಕೇಳಿದರೆ ಮುದ್ರಿಸಿ ಕೈಗೆ ಕೊಡಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಸಂಘದವರೆಲ್ಲ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.