ಕೈ ನಡುಗಿದವನೆಲ್ಲ ಕುಡುಕನಲ್ಲ

ಶಿಡ್ಲಘಟ್ಟದಲ್ಲಿ ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ಬಿಚ್ಚಿದ ಕೆಲಸಗಾರರೊಬ್ಬರನ್ನು ನಾವು ಬಲ್ಲೆವು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹಿಡಿದು ಚರಕಕ್ಕೆ ಕೊಡುವ ಕೈ ಅವರದು. ಆ ಕೈ ಸುಮ್ಮನಿರುವಾಗ ನಡುಗತೊಡಗಿತು. ಕೆಲಸಕ್ಕೆ ಹಚ್ಚಿದರೆ ನಿಧಾನವಾಯಿತು. ಮಾಲೀಕರು ಮೊದಲು ಸೋಮಾರಿ ಎಂದರು, ಆಮೇಲೆ ಕುಡಿತ ಕಲಿತಿದ್ದಾನೆ ಎಂದರು, ಕೊನೆಗೆ ಲೆಕ್ಕ ತೀರಿಸಿ ಕಳಿಸಿದರು. ಒಂದು ತೊಟ್ಟು ಹೆಂಡ ಮುಟ್ಟದ ಮನುಷ್ಯ! ಮನೆಯವರೂ ಅನುಮಾನಪಟ್ಟರೆಂಬುದು ಅವರಿಗೆ ಕೆಲಸ ಹೋದದ್ದಕ್ಕಿಂತ ಹೆಚ್ಚಿನ ನೋವು.

ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಗೊತ್ತಾಯಿತು, ಅದು ಪಾರ್ಕಿನ್ಸನ್ ರೋಗ. ನಮ್ಮ ಪಂಡಿತರು ಕಂಪವಾತ ಎನ್ನುತ್ತಾರೆ.

ನಡುಕವೇ ಇರಬೇಕೆಂದೇನೂ ಇಲ್ಲ. ಚಿಂತಾಮಣಿಯ ಮಂಡಿಯಲ್ಲಿ ಲೆಕ್ಕ ಬರೆಯುವವರ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಇರುವೆಯಂತೆ ಸಣ್ಣದಾಗುತ್ತ ಬಂದರೆ, ನಡೆಯುವಾಗ ಒಂದು ಕೈ ಬೀಸದಿದ್ದರೆ, ಗಿರಾಕಿಯ ಮುಂದೆ ಮುಖ ನಗದೆ ಬಿಗಿದಂತಿದ್ದರೆ, ಅದನ್ನು ವಯಸ್ಸಿನ ಮೇಲೂ ಸಿಡುಕಿನ ಮೇಲೂ ಹಾಕಿ ಸುಮ್ಮನಾಗಬಾರದು.

ಈ ರೋಗಕ್ಕೆ ಹೆಸರಾದ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಹಾಕ್ಸ್‌ಟನ್ನಿನ ವೈದ್ಯ. ಸಾಮಾನ್ಯ ಜನರಿಗೂ ಮತದ ಹಕ್ಕು ಬೇಕೆಂದು ಹೋರಾಡಿದ ಸಂಘದಲ್ಲಿದ್ದು, 1794ರಲ್ಲಿ ರಾಜನ ಮಂತ್ರಾಲೋಚನ ಸಭೆಯ ಮುಂದೆ ಹೇಳಿಕೆ ಕೊಡಬೇಕಾಗಿ ಬಂದವನು. 1817ರ ತನ್ನ ಪುಸ್ತಿಕೆಯಲ್ಲಿ ವಿವರಿಸಿದ ಆರು ರೋಗಿಗಳಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಬೀದಿಯಲ್ಲಿ ಹೋಗುವವನ ನಡಿಗೆಯನ್ನು ನಿಂತು ನೋಡುವ ವ್ಯವಧಾನ ಇಂದಿನ ಎಷ್ಟು ಜನ ಡಾಕ್ಟರರಿಗಿದೆ?

ಮೆದುಳಿನ ಒಂದು ಭಾಗದ ಜೀವಕೋಶಗಳು ಸಾಯುತ್ತ ಬಂದು, ಅವು ತಯಾರಿಸುವ ಡೋಪಮೈನ್ ಎಂಬ ರಸ ಕಡಿಮೆಯಾಗುವುದೇ ರೋಗದ ಮೂಲ. ಡೋಪಮೈನನ್ನೇ ನುಂಗಿದರೆ ಅದು ಮೆದುಳನ್ನು ಮುಟ್ಟದು. ಲೆವೊಡೋಪ ಮುಟ್ಟುತ್ತದೆ, ಅಲ್ಲಿ ಡೋಪಮೈನ್ ಆಗುತ್ತದೆ. ದಾರಿಯಲ್ಲೇ ಪೋಲಾಗದಂತೆ ಕಾರ್ಬಿಡೋಪ ಕಾಯುತ್ತದೆ. ಈ ಜೋಡಿ ಮಾತ್ರೆಯೇ ಇಂದಿಗೂ ಮುಖ್ಯ ಔಷಧ. ಸಾಕಷ್ಟು ಪ್ರಮಾಣದಲ್ಲಿ ಲೆವೊಡೋಪ ಕೊಟ್ಟರೆ ಕಟ್ಟಿಹಾಕಿದಂತಿದ್ದವರು ಎದ್ದು ನಡೆಯುತ್ತಾರೆಂದು ಅಮೆರಿಕದಲ್ಲಿ ಡಾ. ಕೋಟ್ಜಿಯಾಸ್ ತೋರಿಸಿದ್ದು 1967ರಲ್ಲಿ. ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಅದೇ ವಸ್ತುವಿದೆ. ಮದರಾಸಿನ ರಸಾಯನಶಾಸ್ತ್ರಜ್ಞರು 1937ರಲ್ಲೇ ಅದನ್ನು ಬೇರ್ಪಡಿಸಿದ್ದರು. ಹಾಗೆಂದು ಪುಡಿ ಮಾಡಿ ತಿನ್ನಲು ಹೊರಡಬೇಡಿ, ಎಷ್ಟು ಒಳಗೆ ಹೋಯಿತೆಂಬ ಲೆಕ್ಕವೇ ಸಿಗದು.

ಮಾತ್ರೆ ರೋಗವನ್ನು ನಿಲ್ಲಿಸುವುದಿಲ್ಲ, ಮೈಯನ್ನು ಬಿಡಿಸುತ್ತದೆ. ಅದಕ್ಕೆ ಹೊತ್ತು ಮುಖ್ಯ. ಅವರೆಕಾಳಿನ ಸಾರು, ಹಾಲು, ಮೊಟ್ಟೆಯ ಜೊತೆ ನುಂಗಿದರೆ ಗುಣ ತಗ್ಗುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳುವುದು ಮೇಲು. ಹೊಟ್ಟೆ ತೊಳಸಿದರೆ ಡಾಕ್ಟರಿಗೆ ಹೇಳಿ. ಆದರೆ ವಾಂತಿ ನಿಲ್ಲಿಸುವ ಕೆಲವು ಔಷಧಗಳೇ ಈ ರೋಗವನ್ನು ಕೆರಳಿಸುತ್ತವೆಂದು ನೆನಪಿಸಿ. ಕೆಲವು ವರ್ಷ ಕಳೆದಂತೆ ಮಾತ್ರೆಯ ಬಲ ಬೇಗ ಇಳಿಯುತ್ತದೆ, ಕೈಕಾಲು ತಾವಾಗಿ ಕುಣಿಯುವುದೂ ಉಂಟು. ಆಗ ಪ್ರಮಾಣ ಬದಲಿಸಬೇಕು. ದುಡ್ಡಿಲ್ಲವೆಂದು ಒಮ್ಮೆಲೇ ನಿಲ್ಲಿಸಿದರೆ ಮೈ ಸೆಟೆದು ಜ್ವರ ಏರಿ ಪ್ರಾಣಕ್ಕೇ ಬರಬಹುದು. ಮೆದುಳಿಗೆ ತಂತಿ ಇಳಿಸಿ ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆಯೂ ಇದೆ. ಕೆಲವರಿಗಷ್ಟೇ ಸಲ್ಲುವಂಥದು, ಖರ್ಚು ಲಕ್ಷಗಟ್ಟಲೆ.

ಮಾತ್ರೆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆದರೆ ಅದನ್ನು ಬರೆಸಿಕೊಳ್ಳಲು ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಬೇಕು. ನಿಮ್ಹಾನ್ಸ್ ವೈದ್ಯರು 1980ರ ದಶಕದಲ್ಲೇ ಗೌರಿಬಿದನೂರಿನ ಕಡೆ ನರರೋಗಗಳ ಸಮೀಕ್ಷೆ ಮಾಡಿದ್ದರು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಮೆದುಳಿನ ಆರೋಗ್ಯದ ಯೋಜನೆ ಆರಂಭಿಸಿದಾಗ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಎಣಿಸಲು ನಮ್ಮ ಊರು ಬೇಕು, ಪ್ರಯೋಗಕ್ಕೂ ನಮ್ಮ ಊರು ಬೇಕು, ಒಳ್ಳೆಯದೇ. ಹಾಗಾದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ರೋಗವನ್ನು ಗುರುತಿಸಬಲ್ಲ ಒಬ್ಬೊಬ್ಬ ವೈದ್ಯರೂ ತಿಂಗಳು ತಪ್ಪದೆ ಸಿಗುವ ಮಾತ್ರೆಯೂ ಇರಲಿ ಎಂದು ಕೇಳುವುದು ಅತಿಯಾಸೆಯೇ?

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಸೇವೆಯಲ್ಲಿದ್ದಾಗ ರೋಗ ತಗುಲಿದ ನೌಕರರನ್ನು ತೆಗೆಯಬಾರದು, ಬೇರೆ ಕೆಲಸಕ್ಕೆ ಹಾಕಿದರೂ ಸಂಬಳದ ಶ್ರೇಣಿ ಇಳಿಸಬಾರದೆಂದು ಅದು ಹೇಳುತ್ತದೆ. ಯಾರಿಗೆ? ಸರ್ಕಾರಿ ಸಂಸ್ಥೆಗಳಿಗೆ! ಕಚೇರಿಯ ಗುಮಾಸ್ತರ ಕೈ ನಡುಗಿದರೆ ರಕ್ಷಣೆ, ಚರಕದ ಮುಂದೆ ನಿಂತವರ ಕೈ ನಡುಗಿದರೆ ಬೀದಿ. ಇಎಸ್‌ಐ ಇರುವ ಮಿಲ್ ಕಾರ್ಮಿಕರು ಒಂದು ಮಾತು ತಿಳಿದಿರಬೇಕು: ವಿಸ್ತೃತ ಕಾಯಿಲೆ ಭತ್ಯೆಯ ಪಟ್ಟಿಯಲ್ಲಿ ಈ ರೋಗವಿದೆ, ಎರಡು ವರ್ಷದ ಸೇವೆ ಮತ್ತು ವಂತಿಗೆಯ ಷರತ್ತು ಪೂರೈಸಿದವರಿಗೆ ವೇತನದ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಹತ್ತು ಜನಕ್ಕಿಂತ ಕಡಿಮೆ ಇಟ್ಟುಕೊಂಡ ಘಟಕಗಳಿಗೆ ಇಎಸ್‌ಐ ಸಾಮಾನ್ಯವಾಗಿ ಕಡ್ಡಾಯವಲ್ಲ. ನಮ್ಮ ಶಿಡ್ಲಘಟ್ಟದಲ್ಲಿ ಅಂಥವೆಷ್ಟು ಎಂದು ಓದುಗರಿಗೆ ಹೇಳಬೇಕಾಗಿಲ್ಲ.

ಆ ಕೆಲಸಗಾರರು ಈಗ ಮಾತ್ರೆ ಹಿಡಿದ ಹೊತ್ತಿನಲ್ಲಿ ನೆಂಟರ ಮನೆಯಲ್ಲಿ ಗೂಡು ಆರಿಸಿಕೊಡುತ್ತಾರೆ. ಹಳೆಯ ಮಾಲೀಕರು ಬೀದಿಯಲ್ಲಿ ಸಿಕ್ಕಾಗ ಇನ್ನೂ ಬಾಯಿಯ ವಾಸನೆ ನೋಡುವವರಂತೆ ಹತ್ತಿರ ಬಾಗಿ ಮಾತನಾಡಿಸುತ್ತಾರಂತೆ.